ಆರು ತಿರುವು

ಗಂಗಣ್ಣ ಗಾಳದ ಕೋಲನ್ನು ಮಂಡಿಗೆ ಅಡ್ಡ ಹಿಡಿದು ಮುರಿಯಲು ನೋಡಿದ. ಕೋಲು ಬಾಗಿತೇ ಹೊರತು ಮುರಿಯಲಿಲ್ಲ. ಕೈ ಸಡಿಲಿಸಿದೊಡನೆ ನೆಟ್ಟಗಾಗಿ, ಅಣ್ಣನ ಹೆಣದ ಮೇಲಿದ್ದ ಚೆಂಡುಹೂವಿನ ಹಾರವನ್ನು ಸವರಿಕೊಂಡು ಹೋಯಿತು.

"ಬುಡ್ಲಾ, ಬಿದಿರಲ್ಲ ಅದು," ಎಂದ ನೆರೆಮನೆಯ ಪುಟ್ಟರಂಗಯ್ಯ.

"ಗುಂಡಿ ಇರೋದು ಆರಡಿ. ಇದು ಹನ್ನೆರಡಡಿ ಐತೆ. ಅಣ್ಣನ ಜೊತೆಗೆ ಹೆಂಗ್ಲಾ ಹಾಕ್ಲಿ?"

ಕೆರೆ ಕಾಣುವ ಆ ದಿಬ್ಬದ ಹೊಂಗೆಮರದ ಕೆಳಗೆ ಕುಳಿತಿದ್ದ ರೇವಣಸಿದ್ದಯ್ಯ ಮೇಷ್ಟ್ರು ಕಣ್ಣು ತಗ್ಗಿಸಿದರು. ಆ ಕೋಲನ್ನು ಮುರಿಯಬೇಕಾಗಿಲ್ಲವೆಂಬುದು ಅಷ್ಟು ಜನರಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಅದರಲ್ಲಿ ಏಳು ಕೊಳವೆ. ಒಂದೊಂದನ್ನೂ ಕೊಂಚ ತಿರುಗಿಸಿ ತಳ್ಳಿದರೆ ಇನ್ನೊಂದರೊಳಗೆ ಇಳಿಯುತ್ತದೆ. ಏಳು ಕೊಳವೆಗೆ ಆರು ತಿರುವು.

ಸತ್ತ ಕದರಯ್ಯ ಗುಬ್ಬಿ ಪೇಟೆಯ ಕಾಯಿಮಂಡಿಗಳಲ್ಲಿ ನಲವತ್ತೈದು ವರ್ಷ ತೆಂಗಿನಕಾಯಿ ಸುಲಿದವನು. ಭಾನುವಾರ ಬಂದರೆ ಕಡಬದ ಕೆರೆಗೆ ಗಾಳ ಹಾಕುತ್ತಿದ್ದ. ಹೋಗುವಾಗಲೂ ಬರುವಾಗಲೂ ಹೆಗಲ ಮೇಲೆ ಎರಡು ಕೋಲಿರುತ್ತಿದ್ದುದರಿಂದ ಊರು ಅವನಿಗೆ ಜೋಡಿಕೋಲು ಕದರಯ್ಯನೆಂದು ಹೆಸರಿಟ್ಟಿತ್ತು. ಒಂದು ಬಾಯಿಗೆ ಎರಡು ಗಾಳ ಏಕೆಂದು ಹೋಟೆಲಿನವರೂ ಕೆಣಕುತ್ತಿದ್ದರು. ಅವನು ನಗುತ್ತಿದ್ದ, ಅಷ್ಟೇ.

"ತುಮಕೂರಿಂದ ಎಲ್ಡು ಹೊಸಾವು ತರ್ಸಿದ್ರು," ಎಂದಳು ಹೆಂಡತಿ ರಂಗಲಕ್ಷ್ಮಮ್ಮ. ಅತ್ತು ಅತ್ತು ಅವಳ ಗಂಟಲು ಒಡೆದಿತ್ತು. "ನೀರಲ್ಲಿ ಹೆಂಗವೆ ನೋಡ್ಬೇಕು ಅಂತ ನೆನ್ನೆ ಎಲ್ಡೂ ಹೊತ್ಕೊಂಡೋದ್ರು. ಮನೆಗ್ ಬಂದಿದ್ದು ಒಂದೇಯ."

"ಮೊದ್ಲು ನೀರಿಗಿಳ್ದೋನು ಯಾರು?" ಗಂಗಣ್ಣ ಪುಟ್ಟರಂಗಯ್ಯನ ಕಡೆಗೆ ತಿರುಗಿದ. "ಹೆಣ ಎತ್ತಿದ ಕೈ ಕೋಲ್ನೂ ಎತ್ತೈತೆ."

"ಥೂ ನಿನ್ನ! ನಿಮ್ಮಣ್ಣನ್ನ ಹೆಗಲ್ ಮ್ಯಾಗೆ ಹೊತ್ತು ತಂದೋನು ಕಣ್ಲಾ ನಾನು. ಕೋಲ್ ಕದಿಯಾಕೆ ಮೂರ್ನೇ ಕೈ ಎಲ್ಲಿತ್ಲಾ?"

ಯಾರೋ ನಕ್ಕು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

"ಮೇಷ್ಟ್ರು ಅಲ್ಲೇ ಇದ್ರಲ್ಲ, ಅವರ್ನೇ ಕೇಳು," ಎಂದ ಪುಟ್ಟರಂಗಯ್ಯ.

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮಠಕ್ಕೆಂದು ಕೆರೆ ಏರಿಯ ಮೇಲೆ ಹೋಗುತ್ತಿದ್ದೆ, ಕದರಯ್ಯ ಬೀಳುವುದು ಕಂಡು ಕೂಗಿದೆ ಎಂದು ಅವರು ನಿನ್ನೆ ಹೇಳಿದ್ದರು.

*

ಎರಡನೆಯ ಕೋಲು ಮೂವತ್ತೊಂದು ವರ್ಷದಿಂದಲೂ ಮೇಷ್ಟ್ರದು. ಕೊರಳಲ್ಲಿ ಲಿಂಗ, ಮಠದ ಶಾಲೆಯಲ್ಲಿ ಲೆಕ್ಕದ ಪಾಠ, ಮನೆಯಲ್ಲಿ ಮೀನಿನ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಹೆಂಡತಿ ದಾಕ್ಷಾಯಣಿ. ಮೊದಲ ದಿನವೇ ಕದರಯ್ಯ ಪಾಲು ಮಾಡಿಕೊಟ್ಟಿದ್ದ: "ಕೋಲ್ ಹಿಡಿಯೋದು ನೀವು, ಮೀನ್ ಮುಟ್ಟೋದು ನಾನು. ಪಾಪ ಯಾರ್ಗೂ ಪೂರ್ತಿ ಆಗಾಕಿಲ್ಲ ಬುಡಿ."

ನಿನ್ನೆ ಬೆಳಿಗ್ಗೆ ಹೊಸ ಕೋಲು ಕೈಯಲ್ಲಿ ಹಗುರವಾಗಿತ್ತು. ಮೂರನೆಯ ಎಸೆತಕ್ಕೆ ಮೇಷ್ಟ್ರ ಗಾಳ ನೀರೊಳಗಿನ ಜಾಲಿಬೊಡ್ಡೆಗೆ ಸಿಕ್ಕಿತು. ಬಿದಿರುಕೋಲಿನ ಕಾಲದಲ್ಲಿ ಜಗ್ಗಿದರೆ ದಾರ ಕಿತ್ತುಬರುತ್ತಿತ್ತು. ಈ ದಾರ ಕೀಳಲಿಲ್ಲ. ಕದರಯ್ಯ ಚೂರಿ ತೆಗೆದ.

"ಕುಯ್ಯಬೇಡ ಕಣಯ್ಯ. ಹೊಸದು," ಎಂದರು ಮೇಷ್ಟ್ರು.

ಕದರಯ್ಯ ಚೂರಿಯನ್ನು ಕಲ್ಲಿನ ಮೇಲಿಟ್ಟು, ಪಂಚೆ ಮೇಲೆ ಕಟ್ಟಿ ಇಳಿದ. ಸೊಂಟದ ಮಟ್ಟದ ನೀರು. ಬೊಡ್ಡೆಯ ಹತ್ತಿರ ನಿಂತು ಎದೆ ಒತ್ತಿಕೊಂಡ. "ಮೇಷ್ಟ್ರೇ" ಎಂದ. ಮುಂದಕ್ಕೆ ಬಿದ್ದ.

ಏರಿಯ ಆಚೆ ಪುಟ್ಟರಂಗಯ್ಯನ ಮೊಪೆಡ್ಡಿನ ಸದ್ದು ಕೇಳುತ್ತಿತ್ತು. ಒಮ್ಮೆ ಕೂಗಿದ್ದರೆ ಸಾಕಾಗಿತ್ತು. ಮೇಷ್ಟ್ರು ಚೂರಿಯಿಂದ ದಾರ ಕೊಯ್ದರು. ಕೋಲು ಮಡಚಿದರು. ಲಂಟಾನದ ಪೊದೆಗೆ ತುರುಕಿದರು. ಆಮೇಲೆ ಕೂಗಿದರು.

*

"ಹೇಳಿ ಮೇಷ್ಟ್ರೇ," ಎಂದ ಪುಟ್ಟರಂಗಯ್ಯ. ಅವನ ದನಿಯಲ್ಲಿ ಈಗ ಬಿರುಸಿರಲಿಲ್ಲ. "ನಾನ್ ಕದ್ದಿದ್ ಕಂಡ್ರಾ?"

ಮೇಷ್ಟ್ರು ಎದ್ದರು. ಏರಿ ಇಳಿದು ಮರೆಯಾದರು. ಹಿಂದಿರುಗಿದಾಗ ಕೈಯಲ್ಲಿ ಎರಡಡಿಯ ಕಪ್ಪು ಕೋಲಿತ್ತು. ಅದರ ತುದಿಯಲ್ಲಿ ಕೊಯ್ದ ದಾರದ ಗೇಣುದ್ದದ ಚೂರು.

"ಪುಟ್ಟರಂಗಯ್ಯ ಮುಟ್ಟಿಲ್ಲ. ಇದು ನನ್ನದು. ಬೊಡ್ಡೆಗೆ ಸಿಕ್ಕಿದ್ದೂ ನನ್ನ ಗಾಳ."

ರಂಗಲಕ್ಷ್ಮಮ್ಮ ಅವರ ಹಣೆಯ ವಿಭೂತಿಯನ್ನೇ ನೋಡಿದಳು. "ಇಷ್ಟ್ ವರ್ಷ ಆ ಎಲ್ಡನೇದು ನಿಮ್ದಾ?"

"ಹೌದಮ್ಮ."

"ಆಸೆಬುರುಕ ಅಂತ ನಾನೂ ಬೈತಿದ್ದೆ. ಒಂದಿನಾನೂ ಬಾಯ್ ಬುಡ್ಲಿಲ್ಲವಲ್ಲ ಈ ಮನುಷ್ಯ."

ಗಂಗಣ್ಣ ಹತ್ತಿರ ಬಂದ. "ಇದ್ನ ಬಚ್ಚಿಟ್ಟಿದ್ದು ಕೂಗೋಕೆ ಮುಂಚೇನಾ, ಆಮ್ಯಾಕಾ?"

"ಮುಂಚೆ."

"ಎಷ್ಟೊತ್ತು ಹಿಡೀತು ಮೇಷ್ಟ್ರೇ?" ರಂಗಲಕ್ಷ್ಮಮ್ಮ ಮೆಲ್ಲಗೆ ಕೇಳಿದಳು.

"ಎಣಿಸಮ್ಮ," ಎಂದರು ಲೆಕ್ಕದ ಮೇಷ್ಟ್ರು. ತಮ್ಮ ಕೋಲನ್ನು ಗುಂಡಿಯ ಅಂಚಿನಲ್ಲಿಟ್ಟು, ಗಂಗಣ್ಣನ ಕೈಯಿಂದ ಕದರಯ್ಯನ ಹನ್ನೆರಡಡಿಯ ಕೋಲನ್ನು ತೆಗೆದುಕೊಂಡರು. ಬುಡದ ಕೊಳವೆ ಹಿಡಿದು ತಿರುಗಿಸಿ ತಳ್ಳಿದರು. ಒಂದು. ಮತ್ತೆ ತಿರುಗಿಸಿದರು. ಎರಡು. ಮೂರನೆಯದು ಬಿಗಿಯಾಗಿತ್ತು, ಅಂಗೈ ಪಂಚೆಗೆ ಒರೆಸಿಕೊಂಡು ಮತ್ತೆ ಹಿಡಿದರು. ನಾಲ್ಕು. ಪುಟ್ಟರಂಗಯ್ಯ ಏರಿಯ ಕಡೆ ನೋಡಿದ, ಅಲ್ಲಿಂದ ಬೊಡ್ಡೆಯ ಕಡೆ. ಬೊಡ್ಡೆಯ ಪಕ್ಕದಲ್ಲಿ ಗಾಳದ ಕೆಂಪು ಬೆಂಡೊಂದು ಇನ್ನೂ ತೇಲುತ್ತಿತ್ತು. ಐದು.

ಆರನೆಯ ತಿರುವಿಗೆ ಕೊಳವೆ ಸಿಕ್ಕಿಕೊಂಡಿತು. ಮೇಷ್ಟ್ರು ಅದನ್ನು ತಿರುಗಿಸುತ್ತಲೇ ಇದ್ದರು.