ಕಪ್ಪು ಪರದೆಯ ಎಡಮೂಲೆ

"ಮೊಳೆ ಕೈಗೆ ಸ್ಕ್ರೂ ಕೆಲಸ ಕೊಟ್ಟೆ ನೋಡಿ ಮೇಡಂ, ತಪ್ಪು ನಂದೇ," ಎಂದು ಮಾವ ಅಂಗಡಿ ತುಂಬ ಕೇಳುವಂತೆ ಹೇಳಿದ. "ಎಂಟನೇ ಕ್ಲಾಸಿಗೇ ಪುಸ್ತಕ ಎಸೆದು ಬಂದೋನು. ಅಕ್ಕನ ಮಗ ಅಂತ ಇಟ್ಕೊಂಡೆ. ಹೊಸ ಲ್ಯಾಪ್‌ಟಾಪನ್ನ ಬಟ್ಟೆ ಹಿಂಡಿದ ಹಾಗೆ ಹಿಂಡಿಟ್ಟಿದಾನೆ."

ಪ್ರಿಂಟರ್ ಶಾಯಿಗೆ ಬಂದಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಹುಡುಗ ಕಡ್ಡಿಯಂತೆ ಬೆಳೆದದ್ದಕ್ಕೆ ಮನೆಯಲ್ಲಿ ಬಿದ್ದಿದ್ದ ಮೊಳೆ ಎಂಬ ಹೆಸರನ್ನು ಮಾವ ಅಂಗಡಿಗೂ ಹೊತ್ತು ತಂದಿದ್ದ. ಇವತ್ತೇ ಇದು ಸರಿಹೋಗದಿದ್ದರೆ ನಾಳೆಯಿಂದ ರಿಪೇರಿ ಮೇಜಿನ ಹತ್ತಿರ ಸುಳಿಯಕೂಡದು, ಮುಂದೆ ನಿಂತು ಡಬ್ಬಗಳ ಧೂಳು ಹೊಡೆಯಬೇಕು ಎಂದೂ ಸೇರಿಸಿದ. ಮೊಳೆಗೆ ಮೈಯೆಲ್ಲ ಉರಿದುಹೋಯಿತು. ಈ ಭೂಮಿಯ ಮೇಲೆ ಅವನದು ಅಂತ ಇದ್ದದ್ದು ಆ ಮೇಜೊಂದೇ.

ದೂರು ತಂದಿದ್ದ ಮೇಡಂ ಒಬ್ಬರು ಟೀಚರ್. ಆ ಪದ ಕೇಳಿದರೇ ಅವನ ಕಿವಿ ಬಿಸಿಯಾಗುತ್ತಿತ್ತು. ಬಿಡುವಿನಲ್ಲಿ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಆಕಾಶದ ಫೋಟೊ ತೆಗೆಯುವವರಂತೆ. ಕಪ್ಪು ಚಿತ್ರ ಹಾಕಿದರೆ ಎಡಗಡೆಯ ಕೆಳಮೂಲೆಯಿಂದ ಬೆಳಕು ಸೋರುತ್ತದೆ, ಆಕಾಶವೇ ಕಲೆಗಟ್ಟುತ್ತದೆ ಎಂದರು.

ಮೊಳೆ ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದಿನ ಸಾಮಾನು ಕೋಣೆಗೆ ನಡೆದ. ಟೀಚರ್ ತಾವೂ ನೋಡುತ್ತೇನೆಂದು ಬೆನ್ನಿಗೇ ಬಂದರು. ಅವನು ಕದ ಹಾಕಿ, ಅಡಿಯ ಸಂದಿಗೆ ಹಳೆಯ ಬಟ್ಟೆ ತುರುಕಿ, ಪರದೆಗೆ ಬರೀ ಕಪ್ಪು ಹಾಕಿದ. ಕತ್ತಲಲ್ಲಿ ಮೂಲೆಯ ಬೆಳಕು ಎದ್ದು ಕಂಡಿತು, ಬೂದಿಯೊಳಗಿನ ಕೆಂಡದ ಹಾಗೆ.

ಯಾಕೆ ಹೀಗೆ ಎಂದು ಟೀಚರ್ ಕೇಳಿದರು. ಪರೀಕ್ಷೆಗೆ ಕೇಳಿದ್ದಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು. ಟೀಚರೊಬ್ಬರು ತನ್ನನ್ನು ಹಾಗೆ ಕೇಳಿದ್ದು ಅವನಿಗೆ ನೆನಪಿರಲಿಲ್ಲ.

"ಕಪ್ಪು ಅಂದ್ರೆ ಹಿಂದಿನ ದೀಪ ಆರಿರಲ್ಲ ಟೀಚರ್. ಅದು ಉರೀತಾನೇ ಇರುತ್ತೆ. ಅದರ ಮುಂದೆ ಸಣ್ಣಸಣ್ಣ ಕದಗಳಿರ್ತವೆ, ಅಷ್ಟೂ ಮುಚ್ಕೊಂಡಾಗ ಕಪ್ಪು. ಚೌಕಟ್ಟು ಎಲ್ಲಾದ್ರೂ ಒತ್ತಿದ್ರೆ ಅಲ್ಲಿ ಕದ ಸರಿಯಾಗಿ ಕೂರಲ್ಲ, ಸೋರುತ್ತೆ."

"ಎಷ್ಟು ಕದ ಇರ್ಬೋದು?"

"ಇದ್ರಲ್ಲಿ ಅರವತ್ತು ಲಕ್ಷದ ಮೇಲೆ."

ಅಂಕಿ ಬಾಯಿಂದ ಹೊರಬಿದ್ದ ಮೇಲೆ ಅವನೇ ಪರದೆಯತ್ತ ಬಗ್ಗಿ ನೋಡಿದ. ದಿನಾ ಮುಟ್ಟುವ ವಸ್ತು. ಅರವತ್ತು ಲಕ್ಷ ಕದಗಳ ಮುಂದೆ ಕೂತಿದ್ದೇನೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಟಾರ್ಚ್ ಹಚ್ಚಿ, ಚೌಕಟ್ಟಿನ ಸ್ಕ್ರೂಗಳನ್ನು ಮುಚ್ಚಿದ್ದ ರಬ್ಬರ್ ಬೊಟ್ಟುಗಳನ್ನು ಕಿತ್ತ. ಆ ಮೂಲೆಯ ನಾಲ್ಕು ಸ್ಕ್ರೂಗಳ ತಲೆ ಇಲಿ ಕಡಿದಂತೆ ತರಿದುಹೋಗಿತ್ತು. ಅವನಿಗೆ ತಕ್ಷಣ ಗೊತ್ತಾಯಿತು. ತನ್ನ ಸ್ಕ್ರೂಡ್ರೈವರಿನ ಮೊನೆ ಹಾಗೆ ಕಡಿಯುವುದಿಲ್ಲ. ಕಡಿಯುವುದು ಮಾವನ ಹಳದಿ ಹಿಡಿಯ ಸ್ಕ್ರೂಡ್ರೈವರ್, ತುದಿ ಸವೆದದ್ದು. ತನ್ನ ಅಂಗಡಿಯಿಂದ ಹೋದದ್ದು ಗಲಗಲ ಅನ್ನಬಾರದು ಎಂದು ಮಾವ ಪ್ರತಿ ಹೊಸ ಲ್ಯಾಪ್‌ಟಾಪಿಗೂ ಕೊನೆಗೊಂದು ಸುತ್ತು ತನ್ನ ಕೈಯಾರೆ ಬಿಗಿಯುತ್ತಿದ್ದ. ಅದು ಅವನ ಹೆಮ್ಮೆ.

ಆ ನಾಲ್ಕನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡು, ಹೊಸ ಸ್ಕ್ರೂಗಳನ್ನು ಮೆಲ್ಲಗೆ ಕೂರಿಸಿದ. ಬೆಳಕು ಕದಲಲಿಲ್ಲ. ಡಬ್ಬದ ಧೂಳು ಕಣ್ಣ ಮುಂದೆ ಬಂತು. ಮತ್ತೆ ಚೌಕಟ್ಟು ಬಿಡಿಸಿ, ಗಾಜಿಗೆ ಉಸಿರಾಡಲು ಬಿಟ್ಟಂತೆ ಸ್ವಲ್ಪ ಹೊತ್ತು ಕಾದ. ಆಮೇಲೆ ಮೆತ್ತನೆಯ ಬಟ್ಟೆಯಿಂದ ಮೂಲೆಯನ್ನು ಸುತ್ತಸುತ್ತ ಸವರಿದ, ಮಗುವಿನ ಹೊಟ್ಟೆ ಸವರಿದ ಹಾಗೆ. ಸ್ಕ್ರೂಗಳನ್ನು ಈ ಸಲ ಕಾಲು ಸುತ್ತು ಸಡಿಲ ಬಿಟ್ಟ. ಬೆಳಕು ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು. ಕಡೆಗೆ ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ.

ಟೀಚರ್ ತಮ್ಮ ಒಂದು ಫೋಟೊ ತೆರೆದರು. ಕೋಣೆ ತುಂಬ ನಕ್ಷತ್ರ. ಎಡಮೂಲೆಯಲ್ಲೊಂದು ಮಸುಕು ಚುಕ್ಕೆ ಉಳಿದಿತ್ತು. ಮೊಳೆ ಬಟ್ಟೆಯಿಂದ ಒರೆಸಿದ. ಹೋಗಲಿಲ್ಲ. ಮತ್ತೆ ಒರೆಸಿದ.

"ಅದು ಧೂಳಲ್ಲಪ್ಪ," ಟೀಚರ್ ಪರದೆಯತ್ತ ಬಾಗಿ ಹೇಳಿದರು. "ಅಲ್ಲೇ ಇದೆ ಅಂತ ಗೊತ್ತಿತ್ತು, ಈ ಪರದೇಲಿ ಕಂಡಿರ್ಲಿಲ್ಲ. ಒಂದು ನಕ್ಷತ್ರಾನೂ ಅಲ್ಲ, ಕೋಟ್ಯಂತರ ನಕ್ಷತ್ರಗಳ ರಾಶಿ. ಆ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ಮನುಷ್ಯರೇ ಇರ್ಲಿಲ್ಲ."

ಅವನು ಬಟ್ಟೆ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಮನುಷ್ಯರು ಹುಟ್ಟುವ ಮೊದಲೇ ಹೊರಟು ಬಂದದ್ದನ್ನು ನಾಲ್ಕು ಸ್ಕ್ರೂ ತಡೆದು ನಿಲ್ಲಿಸಿದ್ದವು. ಹಗಲಲ್ಲೂ ಇವೆಲ್ಲ ಮೇಲೆ ಇರುತ್ತವಾ ಎಂದು ಪಿಸುದನಿಯಲ್ಲಿ ಕೇಳಿದ. ಇರುತ್ತವೆ, ಸೂರ್ಯನ ಬೆಳಕು ಚೆಲ್ಲಿ ಮುಚ್ಚಿಹೋಗಿರುತ್ತವೆ ಅಷ್ಟೆ ಎಂದರು ಟೀಚರ್.

ಹೊರಗೆ ಬಂದಾಗ ಶಾಯಿಗೆ ಬಂದಿದ್ದವರು ಇನ್ನೂ ಇದ್ದರು. ಪರದೆ ನೋಡಿ ಮಾವನ ಮುಖ ಅರಳಿತು. "ನಾನೇ ಕಲಿಸಿದ್ದಲ್ವಾ. ಸರಿ, ಮೇಜು ನಿಂದೇ. 'ಬಿಗಿ ಮಾಡಿದ್ದು ನಾನು, ತಪ್ಪಾಯ್ತು' ಅಂತ ನೀನೇ ಮೇಡಂ ಹತ್ರ ಒಂದು ಮಾತು ಹೇಳ್ಬಿಡು."

ಮೊಳೆ ಜೇಬಿಗೆ ಕೈಹಾಕಿ, ನಾಲ್ಕು ತರಿದ ಸ್ಕ್ರೂಗಳನ್ನು ಗಾಜಿನ ಕೌಂಟರಿನ ಮೇಲೆ, ಅಲ್ಲೇ ಬಿದ್ದಿದ್ದ ಮಾವನ ಹಳದಿ ಹಿಡಿಯ ಸ್ಕ್ರೂಡ್ರೈವರಿನ ಪಕ್ಕದಲ್ಲಿ ಸಾಲಾಗಿ ಇಟ್ಟ. ಮಾವನ ಕಣ್ಣು ಸ್ಕ್ರೂಗಳಿಂದ ಹಿಡಿಗೆ, ಹಿಡಿಯಿಂದ ಟೀಚರ ಮುಖಕ್ಕೆ ಹೋಯಿತು.

"ಏನೋ ಇದು?" ಎಂದ, ದನಿ ತಗ್ಗಿಸಿ.

ಮೊಳೆ ಆಗಲೇ ಬಾಗಿಲು ದಾಟಿದ್ದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅವನು ತಲೆಯೆತ್ತಿ, ಹಣೆಗೆ ಕೈ ಅಡ್ಡ ಹಿಡಿದು, ಮೇಲೆ ನೋಡುತ್ತಲೇ ನಡೆದ.