ಮೊರ್ವಾಲ್ ಕೋಟೆಯ ಬೀಳುಬಾಗಿಲು

ನಾನು ಒಂದು ಬೀಳುಬಾಗಿಲು. ಪಕ್ಕಕ್ಕೆ ಸರಿಯುವುದು ನನ್ನ ಜಾಯಮಾನವಲ್ಲ, ಮೇಲಿನಿಂದ ದಬಕ್ಕನೆ ಬೀಳುತ್ತೇನೆ. ಫ್ರಾನ್ಸಿನ ಮೊರ್ವಾಲ್ ಗುಡ್ಡದ ಕೋಟೆಗೆಂದೇ ನನ್ನನ್ನು ಓಕ್ ಮರದ ಸರಳುಗಳಿಂದ ಹೆಣೆದು, ಕೆಳತುದಿಗೆ ಕಬ್ಬಿಣದ ಹಲ್ಲು ಬಡಿದರು. ಎರಡು ಕಡೆ ದುಂಡು ಬುರುಜು, ಅವುಗಳಲ್ಲಿ ಬಾಣ ಬಿಡುವ ಕಿಂಡಿ, ನೆತ್ತಿಯ ಮೇಲೆ ಕುದಿನೀರು ಸುರಿಯುವ ತೂತು. ಇಷ್ಟು ಠೀವಿಯ ನಡುವೆ ಹಗ್ಗಕ್ಕೆ ನೇತಾಡುತ್ತಿದ್ದ ನನಗೆ ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ?

ಮೇಲಿನ ಕೋಣೆಯಲ್ಲಿ ನನ್ನ ರಾಟೆ ತಿರುಗಿಸುತ್ತಿದ್ದವನು ಗೋತಿಯೆ. ಅವನ ತಾಯಿ ಪೆರೊನೆಲ್ ಕೋಟೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು.

ಒಂದು ಚಳಿಗಾಲ ಶತ್ರುಸೈನ್ಯ ಮುತ್ತಿಗೆ ಹಾಕಿತು. ಕಣಜದ ತಳ ಕಾಣುತ್ತಲೇ ಕೋಟೆಯ ಒಡೆಯ, ಅಂದಿನ ಪದ್ಧತಿಯಂತೆ, ಆಯುಧ ಹಿಡಿಯಲಾಗದವರನ್ನು ಹೊರಹಾಕತೊಡಗಿದ. ಮೊದಲ ಗುಂಪನ್ನು ಶತ್ರುಗಳು ಕನಿಕರಿಸಿ ದಾಟಿಹೋಗಲು ಬಿಟ್ಟರು. ಅದನ್ನು ಕಂಡ ಗೋತಿಯೆ, ಅಡುಗೆಯವರಿಗೆ ವಿನಾಯಿತಿ ಇದ್ದರೂ, ಒಡೆಯನ ಕಾಲು ಹಿಡಿದು ತಾಯಿಯನ್ನು ಎರಡನೆಯ ಗುಂಪಿಗೆ ಸೇರಿಸಿದ.

"ಇಲ್ಲಿದ್ರೆ ಹಸಿದು ಸಾಯ್ತೀಯಮ್ಮ. ಅವರು ಬಿಟ್ಬಿಡ್ತಾರೆ, ಹೋಗು," ಎಂದ.

"ನೀನು ಹೇಳಿದ್ಮೇಲೆ ಸರಿ ಕಣೋ," ಎಂದಳು ಮುದುಕಿ.

ಆ ಗುಂಪನ್ನು ಶತ್ರುಗಳು ಬಿಡಲಿಲ್ಲ. ತಿನ್ನುವ ಬಾಯಿಗಳು ಒಳಗಿದ್ದಷ್ಟೂ ಕೋಟೆ ಬೇಗ ಸೋಲುತ್ತದೆಂದು ಅವರಿಗೆ ಹೊಳೆದಿತ್ತು. ಬಾಣ ಬಿಟ್ಟು ಹಿಂದಕ್ಕೆ ಅಟ್ಟಿದರು. ಎಲ್ಲರೂ ನನ್ನೆದುರು ಬಂದು ಬಿದ್ದರು.

"ಗೋತಿಯೆ, ಬಾಗಿಲೆತ್ತೋ! ಚಳಿ ಕಣೋ!"

ಅವನು ರಾಟೆಗೆ ಕೈಹಾಕಿದ.

"ಎತ್ತಿದ್ಯೋ, ಅದೇ ಹಗ್ಗಕ್ಕೆ ನಿನ್ನನ್ನ ನೇತುಹಾಕಿಸ್ತೀನಿ," ಎಂದ ಒಡೆಯ.

ಗೋತಿಯೆ ಕೈ ತೆಗೆದ. ಹೊರಗಿನವರು ಹುಲ್ಲು ತಿಂದರು, ಹುಲ್ಲು ಮುಗಿದ ಮೇಲೆ ಚಪ್ಪಲಿಯ ತೊಗಲು ಅಗಿದರು. ಪೆರೊನೆಲ್ ನನಗೆ ಬೆನ್ನು ಕೊಟ್ಟು ಕುಳಿತು ಮಗನನ್ನು ಕರೆಯುತ್ತಲೇ ಇದ್ದಳು. ಅವನು ಕಿವಿಗೆ ಮೇಣ ತುಂಬಿಕೊಂಡ. ನನಗೆ ಆ ಭಾಗ್ಯವೂ ಇರಲಿಲ್ಲ.

ಶತ್ರು ನನ್ನೆದುರು ಬರಲೇ ಇಲ್ಲ. ಹಿಂದಿನ ಗೋಡೆಯ ಬುಡಕ್ಕೆ ಸುರಂಗ ಕೊರೆದು, ಗೋಡೆ ಕೆಡವಿ ಒಳನುಗ್ಗಿದ. ಒಡೆಯ ಶರಣಾಗಿ ಗೆದ್ದವರ ಜೊತೆ ಊಟಕ್ಕೆ ಕುಳಿತ. ಗೋತಿಯೆಯ ಬೆನ್ನಿಗೆ ಈಟಿ ಒತ್ತಿ ನನ್ನನ್ನು ಎತ್ತಿಸಿದರು. ನಾನು ಮೇಲೇಳುತ್ತಲೇ ಒರಗಿದ್ದ ಪೆರೊನೆಲ್ ಹೆಣವಾಗಿ ಒಳಕ್ಕೆ ಉರುಳಿದಳು. ನೆತ್ತಿಯ ತೂತಿನಿಂದ ಮಗ ಎಲ್ಲವನ್ನೂ ಕಂಡ. ಓಡಿಹೋಗಿ ಅವಳನ್ನು ಮುಟ್ಟೋಣವೆಂದರೆ, ರಾಟೆ ಬಿಟ್ಟ ಕೂಡಲೇ ನಾನು ಅವಳ ಮೇಲೆಯೇ ಬೀಳುತ್ತಿದ್ದೆ. ಸೈನಿಕರು ಅವಳನ್ನು ದಾಟಿಕೊಂಡು ಲೂಟಿ ಸಾಗಿಸಿ ಮುಗಿಸುವವರೆಗೂ ಅವನು ರಾಟೆಯ ಹಿಡಿ ಬಿಡದೆ ನಿಂತಿದ್ದ.

ಈಗ ಕೋಟೆ ಪಾಳು. ಹಲ್ಲು ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿದ್ದೇನೆ. ನೋಡಲು ಬಂದವರು ಎಂಥ ಭದ್ರ ಬಾಗಿಲು ಎಂದು ಬೆರಗಾಗುತ್ತಾರೆ. ಭದ್ರವೇ, ಸಂಶಯವಿಲ್ಲ. ಒಬ್ಬ ಶತ್ರುವನ್ನೂ ತಡೆಯದೆ, ನಮ್ಮ ಕೋಟೆಯ ಮುದುಕಿಯರನ್ನು ತಡೆದೆ.