ನಾಲ್ಕನೇ ಜ್ವರ

ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದೇವೆ ಎಂದು ಊರಿಗೆಲ್ಲ ಹೇಳಿ ಹೊರಟ ಕಾವೇರಮ್ಮನ ಕೈಯಲ್ಲಿ ಒಂದೇ ಒಂದು ರೇಷ್ಮೆಗೂಡೂ ಇರಲಿಲ್ಲ. ಪಕ್ಕದ ಮನೆಯ ಕೃಷ್ಣಪ್ಪ ಅದನ್ನು ನೋಡಿಯೂ ಸುಮ್ಮನಿರುವ ಆಸಾಮಿಯಲ್ಲ.

"ಏನತ್ಗೆ, ಗೂಡಿಲ್ದೆ ಗೂಡಿನ್ ಮಾರ್ಕೆಟ್ಟಾ?"

"ರೇಟ್ ಕೇಳ್ಕಂಡ್ ಬರವಾ ಅಂತ ಕಣಪ್ಪ," ಎಂದು ಗಂಡ ಬೋರಲಿಂಗಯ್ಯನನ್ನು ಬಸ್ಸಿಗೆ ಹತ್ತಿಸಿದಳು. ಹುಚ್ಚಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ?

ಬೋರಲಿಂಗಯ್ಯನಿಗೆ ಏನಾಗಿದೆ ಎಂಬುದು ಊರಿಗೆ ಡಾಕ್ಟರಿಗಿಂತ ಮೊದಲೇ ಗೊತ್ತಿತ್ತು. ಅರ್ಧ ಹಿಪ್ಪುನೇರಳೆ ತೋಟ ಫ್ಯಾಕ್ಟರಿ ಕಾಂಪೌಂಡಿಗೆ ಹೋಗಿ ಕೈತುಂಬ ದುಡ್ಡು ಬಂದಿದೆ, ಅದಕ್ಕೇ ಮೈಗಳ್ಳತನ ಎಂದರು ಕೆಲವರು. ಮಾಟ ಎಂದರು ಇನ್ನು ಕೆಲವರು. ರೇಷ್ಮೆಹುಳದ ತಟ್ಟೆಯ ಹತ್ತಿರ ಮೂಗು ತಂದರೆ ಸಾಕು, ಹುಳಕ್ಕೆ ಏನು ಕಡಿಮೆಯಾಗಿದೆ ಎಂದು ಹೇಳುತ್ತಿದ್ದ ಮನುಷ್ಯ ಈಗ ಜಗಲಿಯ ಮೇಲೆ ಕೂತರೆ ಕೂತೇ ಇರುತ್ತಿದ್ದ. ಮುದ್ದೆ ಮುರಿದು ಹಾಗೇ ಬಿಟ್ಟು ಕೈ ತೊಳೆಯುತ್ತಿದ್ದ. ಕಾವೇರಮ್ಮ ಕಬ್ಬಾಳಮ್ಮನಿಗೆ ಹರಕೆ ಹೊತ್ತಳು. ರಾಮನಗರಕ್ಕೆ ಕೊಟ್ಟಿದ್ದ ಮಗಳು ಸೌಮ್ಯ ಫೋನಿನಲ್ಲಿ ಬೈದಳು. "ಅಮ್ಮನ್ ಹರ್ಕೆ ಬ್ಯಾಡ ಅನ್ನಕಿಲ್ಲ ಕಣವ್ವ. ಹರ್ಕೆನೂ ಹೊರು, ಡಾಕ್ಟ್ರಿಗೂ ತೋರ್ಸು."

ಸೂಜಿ, ನರ್ಸು, ಸ್ಪಿರಿಟ್ಟಿನ ವಾಸನೆ ಇರುತ್ತದೆ ಎಂದುಕೊಂಡು ಬಂದ ಕಾವೇರಮ್ಮನಿಗೆ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಯ ಕ್ಲಿನಿಕ್ಕು ನೋಡಿ ನಿರಾಸೆಯೇ ಆಯಿತು. ಡಾಕ್ಟರ್ ರುದ್ರಪ್ರಸಾದ್ ಬಿ.ಪಿ. ನೋಡಿದರು, ಮಿಕ್ಕಿದ್ದೆಲ್ಲ ಬರೀ ಪ್ರಶ್ನೆ. ನಿದ್ದೆ ಎಷ್ಟು ಹೊತ್ತಿಗೆ ಬರುತ್ತೆ? ಊಟ ಸೇರುತ್ತಾ? ಕುಡಿತ ಉಂಟಾ? ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಕೇಳಿದ್ದು ಗಂಡನನ್ನು, ಉತ್ತರ ಕೊಟ್ಟಿದ್ದೆಲ್ಲ ಹೆಂಡತಿ. ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ಇವರೊಬ್ಬರ ಹತ್ರಾನೇ ಮಾತಾಡ್ಬೇಕು."

ಕಾವೇರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲದ್ದು ಈ ಹುಡುಗಮುಂಡೇದಕ್ಕೆ ಏನು ಗೊತ್ತಾಗಬೇಕು? ಬೆಂಚಿನ ಮೇಲೆ ಕೂತು ಬಾಗಿಲನ್ನೇ ದುರುಗುಟ್ಟಿ ನೋಡಿದಳು. ಒಳಗಿನ ಒಂದು ಮಾತೂ ಕೇಳಿಸಲಿಲ್ಲ.

ತಿರುಗಿ ಕರೆದಾಗ ಗಂಡನ ಕಣ್ಣು ಒದ್ದೆಯಾಗಿತ್ತು. ಹೆತ್ತ ತಾಯಿ ಸತ್ತಾಗಲೂ ಅವನು ಅತ್ತಿರಲಿಲ್ಲ.

"ತಾನಿಲ್ಲದಿದ್ರೆ ಮನೆಯವರಿಗೆ ಹಗುರ ಅನ್ನೋ ಯೋಚನೆ ಇವರಿಗೆ ಬರ್ತಾ ಇದೆ," ಎಂದರು ಡಾಕ್ಟರು. "ಇವರು ಒಪ್ಪಿದ್ಮೇಲೇ ನಿಮಗೆ ಹೇಳ್ತಿದ್ದೀನಿ. ಇದು ಕಾಯಿಲೆ ಅಮ್ಮಾ, ಸೋಮಾರಿತನ ಅಲ್ಲ. ಒಬ್ಬರನ್ನೇ ಬಿಡಬೇಡಿ. ಮಾತ್ರೆ ನಿಮ್ಮ ಕೈಯಲ್ಲೇ ಇರಲಿ. ಮೊದಮೊದಲು ಮಂಪರು ಬರುತ್ತೆ, ಬಾಯಿ ಒಣಗುತ್ತೆ. ಗುಣ ಕಾಣಿಸೋಕೆ ಮೂರು ನಾಲ್ಕು ವಾರ ಬೇಕು. ಏನೇ ಆದ್ರೂ ನನಗೆ ಫೋನ್ ಮಾಡಿ, ನೀವಾಗೇ ನಿಲ್ಲಿಸಬೇಡಿ. ಎರಡು ವಾರಕ್ಕೆ ಮತ್ತೆ ಬನ್ನಿ."

ತಾನಿಲ್ಲದಿದ್ದರೆ ಹಗುರ ಎಂಬ ಮಾತೊಂದೇ ಕಾವೇರಮ್ಮನ ಕಿವಿಯಲ್ಲಿ ನಿಂತಿತು. ಮಿಕ್ಕಿದ್ದು ಅರ್ಧ ಕೇಳಿಸಿತು, ಅರ್ಧ ಇಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಡನ ತೋಳು ಹಿಡಿದುಕೊಂಡೇ ಬಂದಳು.

ಒಂದು ವಾರ ತಪ್ಪದೆ ಮಾತ್ರೆ ಕೊಟ್ಟಳು. ಬೋರಲಿಂಗಯ್ಯ ಹಗಲೂ ರಾತ್ರಿ ತೂಕಡಿಸಿದ. ನಾಲಿಗೆ ಒಣಗಿ ಮಾತು ತೊದಲಿತು. ಮೊದಲು ಸುಮ್ಮನೆ ಕೂತಾದರೂ ಇರುತ್ತಿದ್ದವನು ಈಗ ಕೂತಲ್ಲೇ ತಲೆ ವಾಲಿಸುತ್ತಿದ್ದ. ಇದ್ದುದನ್ನೂ ಕಿತ್ತುಕೊಂಡರಲ್ಲ ಎಂದು ಅವಳು ಡಾಕ್ಟರನ್ನು ಶಪಿಸಿದಳು.

ಆಗಲೇ ಮನೆಯಲ್ಲಿ ಸಾಕಿದ್ದ ಹುಳಗಳು ನಾಲ್ಕನೇ ಜ್ವರಕ್ಕೆ ಕೂತವು. ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ತಿನ್ನದೆ, ಅಲ್ಲಾಡದೆ, ತಲೆಯೆತ್ತಿ ಕಲ್ಲಿನಂತೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಒಂದೆಲೆ ಸೊಪ್ಪನ್ನೂ ಹಾಕಕೂಡದು, ಹಾಕಿದರೆ ಬೆಳೆ ಕೆಟ್ಟಿತು. ಕಾವೇರಮ್ಮ ಹುಳದ ಮನೆಯೊಳಗೆ ಪರರ ನೆರಳನ್ನೂ ಬಿಡುವವಳಲ್ಲ. ಒಬ್ಬಳೇ ನಿಂತು ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸಿ ಹೊರಗೆ ಬಂದಳು. ಜಗಲಿಯ ಮೇಲೆ ಗಂಡ ಅಲುಗಾಡದೆ ಕೂತಿದ್ದ.

ಇವನೂ ಜ್ವರಕ್ಕೆ ಕೂತಿದ್ದಾನೆ, ಎಂದುಕೊಂಡಳು. ಜ್ವರಕ್ಕೆ ಕೂತಿರುವ ಬಾಯಿಗೆ ಯಾರಾದರೂ ತುರುಕುತ್ತಾರೆಯೆ? ಮಾತ್ರೆಯ ಪೊಟ್ಟಣ ತೆಗೆದು ರಾಗಿಯ ಡಬ್ಬದೊಳಗೆ ಹುಗಿದಳು. ಕೆಟ್ಟದ್ದು ಮಾಡುತ್ತಿದ್ದೇನೆ ಎಂದು ಅವಳಿಗೆ ಎಳ್ಳಷ್ಟೂ ಅನ್ನಿಸಲಿಲ್ಲ. ಪ್ರೀತಿಯಿಂದಲೇ ಮಾಡಿದಳು, ಅದೇ ಗ್ರಹಚಾರ.

ಹುಳ ಜ್ವರದಿಂದ ಎದ್ದವು. ಅವು ಎದ್ದ ಮಾರನೆಯ ದಿನ ಬೋರಲಿಂಗಯ್ಯನೂ ಎದ್ದ! ಕಣ್ಣಿನ ಮಂಪರು ಹೋಗಿತ್ತು. ಬಸ್ಸಾರಿಗೆ ಪೂರ್ತಿ ಮುದ್ದೆ ಉಂಡ. ಕಾವೇರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಗಳು ಫೋನಿನಲ್ಲಿ "ಮಾತ್ರೆ ಕೊಡ್ತಿದೀಯೇನವ್ವ?" ಎಂದು ಕೇಳಿದಾಗ "ಊಂ ಕಣಮ್ಮಿ" ಎಂದು ಸಲೀಸಾಗಿ ಸುಳ್ಳು ಹೇಳಿದಳು. ಎದ್ದ ಮೇಲೆ ಮಾತ್ರೆ ಯಾಕೆ, ಮತ್ತೆ ಡಾಕ್ಟರು ಯಾಕೆ?

ಜ್ವರ ಬಿಟ್ಟ ಹುಳದ ಹಸಿವು ದೊಡ್ಡದು. ಹುಳದ ತಟ್ಟೆಗಳನ್ನು ಜೋಡಿಸಿದ ಅಟ್ಟಣೆಯ ತುಂಬ ಸೊಪ್ಪು ಮೇಯುವ ಸದ್ದು, ಹಾಕಿದ್ದು ಸಾಲದು. ಅವಳಿಗೆ ಗಂಡನ ಕಡೆ ನೋಡಲೂ ಪುರಸೊತ್ತಿರಲಿಲ್ಲ. ಅವನು ಮತ್ತೆ ಮುದ್ದೆ ಅರ್ಧಕ್ಕೆ ಬಿಡತೊಡಗಿದ್ದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಒಂದು ಬೆಳಿಗ್ಗೆ "ಸೊಪ್ಪು ಕುಯ್ಕ ಬತ್ತೀನಿ" ಎಂದು ಅವನೇ ಕುಡುಗೋಲು ತೆಗೆದುಕೊಂಡಾಗ ಖುಷಿಯಿಂದಲೇ ಕಳಿಸಿದಳು.

ಹೊತ್ತು ನೆತ್ತಿಗೇರಿದರೂ ಅವನು ಬರಲಿಲ್ಲ.

ಒಬ್ಬರನ್ನೇ ಬಿಡಬೇಡಿ ಎಂದ ಡಾಕ್ಟರ ಮಾತು ಆಗ ನೆನಪಾಯಿತು. ಕಾವೇರಮ್ಮ ಸೆರಗು ಬಿಗಿದು ತೋಟಕ್ಕೆ ಓಡಿದಳು. ಕುಡುಗೋಲು ಬದುವಿನ ಮೇಲೆ ಬಿದ್ದಿತ್ತು. ಫ್ಯಾಕ್ಟರಿ ಕಾಂಪೌಂಡಿನ ಮಗ್ಗುಲಿಗೆ ಉಳಿದಿದ್ದ ಹಳೇ ಬಾವಿಯ ಕಟ್ಟೆಯ ಮೇಲೆ ಬೋರಲಿಂಗಯ್ಯ ಕಾಲು ಒಳಕ್ಕೆ ಇಳಿಬಿಟ್ಟು ಕೂತಿದ್ದ. ಅವಳು ಕೂಗಲಿಲ್ಲ. ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತು ಅವನ ಸೊಂಟ ಬಳಸಿ ಹಿಡಿದಳು.

ಅವನು ಬಾವಿಯ ಒಳಗನ್ನೇ ನೋಡುತ್ತ ಕೇಳಿದ.

"ಮಾತ್ರೆ ಯಾಕ್ ನಿಲ್ಲುಸ್ಬುಟ್ಟೆ, ಕಾವೇರಿ?"

ಅವಳು ಹಿಡಿತ ಇನ್ನೂ ಬಿಗಿ ಮಾಡಿದಳು.

"ನೀನ್ ದಿನಾ ನೀರ್ ಹಿಡ್ಕಂಡ್ ಬಂದ್ ಕೊಡ್ತಿದ್ದಾಗ, ಇವಳ್ಗೆ ಇನ್ನೂ ನಾನ್ ಬೇಕು, ಇನ್ನೊಂದ್ ದಿನ ನೋಡವ ಅಂತಿದ್ದೆ. ನೀನ್ ನಿಲ್ಲುಸ್ದೆ. ಇವಳೂ ಕೈ ಬುಟ್ಲು ಅಂದ್ಕಂಡೆ."

ಕಾವೇರಮ್ಮ ಗೊಳೋ ಎಂದು ಅತ್ತಳು. ಸೊಪ್ಪು ನಿಲ್ಲಿಸುವುದು ಜ್ವರಕ್ಕೆ ಕೂತಾಗ ಮಾತ್ರ. ಎದ್ದ ಹುಳಕ್ಕೆ ಹಾಕದೆ ಉಪವಾಸ ಕೆಡವುವವರುಂಟೆ? ತನ್ನ ಲೆಕ್ಕದಲ್ಲೇ ತಾನು ತಪ್ಪಿದ್ದಳು. "ನಾನ್ ಕೈ ಬುಡ್ಲಿಲ್ಲ ಕಣಯ್ಯ. ನಂಗ್ ಗೊತ್ತಾಗ್ಲಿಲ್ಲ, ಗೊತ್ತಾಗ್ಲಿಲ್ಲ," ಎಂದು ಹಣೆ ಚಚ್ಚಿಕೊಂಡಳು. ಅವನೇ ಅವಳ ಕೈ ಹಿಡಿದು ನಿಲ್ಲಿಸಿದ. ಕಾಲು ಈಚೆಗೆ ತೆಗೆದ.

ಮನೆಗೆ ಬಂದವಳು ಡಬ್ಬದಿಂದ ಪೊಟ್ಟಣ ತೆಗೆದಳು, ಡಾಕ್ಟರಿಗೆ ಫೋನ್ ಮಾಡಿದಳು. ಈಗಲೇ ಕರೆದುಕೊಂಡು ಬನ್ನಿ ಎಂದರು. ಹುಳದ ಮನೆಯಲ್ಲಿ ಸೊಪ್ಪೆಲ್ಲ ಖಾಲಿಯಾಗಿ ಹುಳ ತಟ್ಟೆಯ ಅಂಚಿಗೆ ಹರಿಯುತ್ತಿದ್ದವು. ಅವಳು ಬಾಗಿಲು ಹಾಕಿ ಬೀಗ ಜಡಿದಳು. ಬಸ್ ಸ್ಟಾಪಿನಲ್ಲಿ ಕೃಷ್ಣಪ್ಪ ನಿಂತೇ ಇದ್ದ.

"ಏನತ್ಗೆ, ಇವತ್ತೂ ರೇಟ್ ಕೇಳಕ್ಕಾ?"

"ಇಲ್ಲ ಕಣಪ್ಪ. ನಿಮ್ಮಣ್ಣಂಗೆ ಮನಸಿಗ್ ಉಸಾರಿಲ್ಲ. ಮನಸಿನ್ ಡಾಕ್ಟ್ರತ್ರ ಹೋಯ್ತಿದೀವಿ," ಎಂದು ಕಾವೇರಮ್ಮ ಬೀಗದ ಕೈ ಅವನ ಕೈಗೆ ಹಾಕಿದಳು. "ಕಾಲ್ ತೊಳ್ಕಂಡ್ ಒಳೀಕ್ ಹೋಗಿ ನಮ್ ಹುಳಕ್ ಸೊಪ್ ಹಾಕ್ಬುಡು."

ಕೃಷ್ಣಪ್ಪ ಬೀಗದ ಕೈಯನ್ನೂ ಬೋರಲಿಂಗಯ್ಯನನ್ನೂ ನೋಡಿದ. "ಹೋಗ್ಬಾ ಅತ್ಗೆ. ನಾನಿವ್ನಿ," ಎಂದಷ್ಟೇ ಹೇಳಿದ.

ಡಾಕ್ಟರು ಬಾಯಿ ತೆರೆಯುವ ಮೊದಲೇ ಅವಳು ನಿಂತುಕೊಂಡು ಎಲ್ಲವನ್ನೂ ಒಪ್ಪಿಸಿದಳು. ಅವರು ಬೈಯಲಿಲ್ಲ. ಬಹಳ ಮನೆಗಳಲ್ಲಿ ನಿಲ್ಲಿಸಿಬಿಡುತ್ತಾರೆ, ಬಂದಿರಲ್ಲ ಅದೇ ದೊಡ್ಡದು, ಮಂಪರು ಕಡಿಮೆ ಇರುವ ಮಾತ್ರೆ ನೋಡೋಣ, ಆದರೆ ವಾರದ ಲೆಕ್ಕ ಮತ್ತೆ ಒಂದರಿಂದ ಶುರು ಎಂದರು. ಇವತ್ತು ರಾತ್ರಿ ಮಗಳ ಮನೆಯಲ್ಲೇ ಇರಿ, ನಾಳೆ ಬೆಳಿಗ್ಗೆ ಮತ್ತೆ ನೋಡುತ್ತೇನೆ ಎಂದೂ ಹೇಳಿದರು. ಕಾವೇರಮ್ಮ ತಾನಾಗಿಯೇ ಹೊರಗೆ ಹೋಗಲು ತಿರುಗಿದಳು.

ಬೋರಲಿಂಗಯ್ಯ ಅವಳ ಸೆರಗು ಹಿಡಿದ. "ಅವಳೂ ಇರ್ಲಿ ಸಾ. ಕೇಳುಸ್ಕಳ್ಳಿ."

"ನಿದ್ದೆ ಹೇಗಿದೆ?" ಎಂದರು ಡಾಕ್ಟರು. ಅಭ್ಯಾಸಬಲದಿಂದ ಬಾಯಿ ತೆರೆದ ಕಾವೇರಮ್ಮ ಅದನ್ನು ಹಾಗೇ ಮುಚ್ಚಿಕೊಂಡು, ಗಂಡ ಹೇಳುವುದನ್ನು ಕೇಳುತ್ತ ಕೂತಳು.